ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಪಿಸಿ ತಾನಾಗೇ ರೀಸ್ಟಾರ್ಟ್ ಆಗುತ್ತಿದೆ, ಯಾಕೆ?

ಪ್ರಶ್ನೆ: ಸರ್, ಮಗನ ಹಠಕ್ಕೆ ಹಳೆಯ ಐ5 ಪಿಸಿಗೆ ಆರ್‌ಟಿಎಕ್ಸ್ 3060 ಕಾರ್ಡ್ ಹಾಕಿಸಿದೆ. ಯೂಟ್ಯೂಬ್, ಎಕ್ಸೆಲ್ ಎಲ್ಲ ಚೆನ್ನಾಗಿಯೇ ಓಡುತ್ತವೆ. ಗೇಮ್ ಶುರು ಮಾಡಿದ ಸ್ವಲ್ಪ ಹೊತ್ತಿಗೆ ಪಟ್ ಅಂತ ಆಫ್ ಆಗಿ ರೀಸ್ಟಾರ್ಟ್ ಆಗುತ್ತದೆ. ಅಂಗಡಿಯವರು ವಿಂಡೋಸ್ ಹೊಸದಾಗಿ ಹಾಕಿಕೊಟ್ಟರೂ ಅದೇ ಕಥೆ. ಪಿಸಿಯಲ್ಲಿ ಆದದ್ದನ್ನು ವಿಂಡೋಸ್ ಬರೆದಿಡುವ ಇವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಅಂತ ಬರುತ್ತದೆ. ಕ್ಯಾಬಿನೆಟ್ ಜೊತೆ ಬಂದ 450 ವ್ಯಾಟ್ ಎಸ್‌ಎಂಪಿಎಸ್ ಇದೆ. ಕಾರ್ಡೇ ಕೆಟ್ಟಿದೆಯಾ?
– ಒಬ್ಬ ಓದುಗರು, ಹಾಸನ

ಉತ್ತರ: ಕಾರ್ಡನ್ನು ಈಗಲೇ ವಾಪಸ್ ಕೊಡಲು ಹೋಗಬೇಡಿ. ನನ್ನ ಅನುಮಾನ ಎಸ್‌ಎಂಪಿಎಸ್ ಮೇಲೆ, ಅಂದರೆ ಪಿಸಿಯ ಭಾಗಗಳಿಗೆಲ್ಲ ಕರೆಂಟ್ ಕೊಡುವ ಡಬ್ಬಿಯ ಮೇಲೆ.

ಕರ್ನಲ್-ಪವರ್ 41 ನೋಡಿ ಗಾಬರಿ ಬೇಡ. ಸರಿಯಾಗಿ ಶಟ್‌ಡೌನ್ ಆಗದೆ ಪಿಸಿ ಮತ್ತೆ ಶುರುವಾಯಿತು ಅಂತಷ್ಟೇ ಅದರ ಅರ್ಥ. ಮನೆಯಲ್ಲಿ ಕರೆಂಟ್ ಹೋದರೂ ಅದೇ ಬರುತ್ತದೆ. ಡ್ರೈವರ್ (ಕಾರ್ಡ್ ನಡೆಸುವ ಸಾಫ್ಟ್‌ವೇರ್) ತೊಂದರೆಯಾಗಿದ್ದರೆ ಸಾಮಾನ್ಯವಾಗಿ ಪರದೆ ಒಂದೆರಡು ಕ್ಷಣ ಕಪ್ಪಾಗಿ ಮತ್ತೆ ಬರುತ್ತದೆ, ಇಲ್ಲವೇ ಗೇಮ್ ಮಾತ್ರ ಮುಚ್ಚಿಕೊಳ್ಳುತ್ತದೆ. ಆಗ ಇವೆಂಟ್ ವ್ಯೂವರ್‌ನಲ್ಲಿ 4101 ಅಂತ ಕಾಣಿಸುವುದು ಜಾಸ್ತಿ. ನಿಮ್ಮದು ನೀಲಿ ಪರದೆಯೂ ಇಲ್ಲದೆ ಒಮ್ಮೆಲೇ ಆಫ್ ಆಗುತ್ತಿದೆ, ಅದೂ ಲೋಡ್ ಬಿದ್ದಾಗ ಮಾತ್ರ.

ಈ ಕಾರ್ಡ್ ಪೂರ್ತಿ ಲೋಡ್‌ನಲ್ಲಿ 170 ವ್ಯಾಟ್ ಎಳೆಯುತ್ತದೆ. ಕ್ಷಣಮಾತ್ರಕ್ಕೆ ಇನ್ನೂ ಮೇಲಕ್ಕೆ ಜಿಗಿಯುವುದೂ ಉಂಟು. ಅದಕ್ಕೇ ಕಾರ್ಡ್‌ನ ಚಿಪ್ ರೂಪಿಸಿದ ಎನ್‌ವಿಡಿಯಾ ಕಂಪನಿ 550 ವ್ಯಾಟ್ ಎಸ್‌ಎಂಪಿಎಸ್ ಇರಲಿ ಅನ್ನುತ್ತದೆ. ಕ್ಯಾಬಿನೆಟ್ ಬಿಚ್ಚಿ ಎಸ್‌ಎಂಪಿಎಸ್ ಮೇಲಿನ ಸ್ಟಿಕ್ಕರ್ ಓದಿ. ದೊಡ್ಡದಾಗಿ ಬರೆದ 450 ಬಿಡಿ, 12 ವೋಲ್ಟ್ ಅಂತ ಇರುವ ಕಡೆ ಎಷ್ಟು ಆಂಪ್ ಇದೆ ನೋಡಿ. ಉದಾಹರಣೆಗೆ 14 ಆಂಪ್ ಇದ್ದರೆ, 12 ಗುಣಿಸು 14, ಅಂದರೆ ಬರೀ 168 ವ್ಯಾಟ್. ಕಾರ್ಡ್ ಒಂದಕ್ಕೇ ಸಾಲದು, ಪ್ರೊಸೆಸರ್‌ಗೂ ಅಲ್ಲಿಂದಲೇ ಹೋಗಬೇಕು ಅಲ್ವಾ? ಕ್ಯಾಬಿನೆಟ್ ಜೊತೆ ಸುಮ್ನೆ ಕೊಡುವ ಎಸ್‌ಎಂಪಿಎಸ್‌ಗಳನ್ನು ನಾನಂತೂ ನಂಬುವುದಿಲ್ಲ.

ಬಿಚ್ಚಿದಾಗಲೇ ಕಾರ್ಡ್‌ನ 8 ಪಿನ್ ಕನೆಕ್ಟರ್‌ಗೆ ವೈರ್ ಎಲ್ಲಿಂದ ಬಂದಿದೆ ನೋಡಿ. ಹಾರ್ಡ್ ಡಿಸ್ಕ್‌ನ ಸಾಟಾ ಪವರ್ ವೈರ್‌ಗೆ ಕನ್ವರ್ಟರ್ ಸಿಕ್ಕಿಸಿದ್ದರೆ ಗೇಮ್ ಆಡುವುದನ್ನು ಇವತ್ತೇ ನಿಲ್ಲಿಸಿ. ಸಾಟಾ ಕನೆಕ್ಟರ್ ತಾಳಿಕೊಳ್ಳುವುದು 54 ವ್ಯಾಟ್, 8 ಪಿನ್‌ನಲ್ಲಿ 150 ವ್ಯಾಟ್‌ವರೆಗೆ ಹರಿಯಬಹುದು. ಪ್ಲಾಸ್ಟಿಕ್ ಕರಗುತ್ತದೆ, ಬೆಂಕಿಯೂ ಹತ್ತಬಹುದು.

ವೈರ್ ಸರಿಯಿದ್ದರೆ ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರ್ ಹಾಕಿ, ಕಾರ್ಡ್ ಕಡಿಮೆ ಕರೆಂಟ್ ಎಳೆಯುವಂತೆ ಪವರ್ ಲಿಮಿಟ್ ಅನ್ನು ಶೇ 70ಕ್ಕೆ ಇಳಿಸಿ, ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮ್ಯಾಕ್ಸ್ ಫ್ರೇಮ್ ರೇಟ್ 60 ಮಾಡಿ. ಆಮೇಲೆ ಮಗನಿಗೆ ಆಡಲು ಬಿಡಿ (ಬೇಡ ಅನ್ನಲಾರ!). ಆಗ ಆಫ್ ಆಗದಿದ್ದರೆ ಎಸ್‌ಎಂಪಿಎಸ್ ಬದಲಿಸಿ. ಒಳ್ಳೆಯ ಕಂಪನಿಯ 550 ಅಥವಾ 650 ವ್ಯಾಟ್‌ನದು ಸಾಕು. ಹೊಸದರ ಜೊತೆ ಬಂದ ವೈರ್‌ಗಳನ್ನೇ ಬಳಸಿ. ಬೇರೆ ಕಂಪನಿಯ ಮಾಡ್ಯುಲರ್ (ಬಿಚ್ಚಿ ಹಾಕಬಹುದಾದ) ವೈರ್ ಪಿನ್‌ಗೆ ಕೂತರೂ ಒಳಗಿನ ಜೋಡಣೆ ಬೇರೆ ಇರಬಹುದು, ಕಾರ್ಡೇ ಸುಡಬಹುದು.

ಇನ್ನೊಂದು ಮಾತು, ಪಿಸಿ ಆಫ್ ಆದಾಗ ಮಾನಿಟರ್‌ನ ಲೈಟೂ ಹೋಗುತ್ತದೆಯಾ? ಹಾಗಿದ್ದರೆ ಯುಪಿಎಸ್ ನೋಡಿ. ಮನೆಗಳಲ್ಲಿ ಇಡುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್‌ನಷ್ಟೇ ಕೊಡುತ್ತದೆ. ಪಿಸಿಯನ್ನು ಒಮ್ಮೆ ನೇರವಾಗಿ ಗೋಡೆಯ ಸಾಕೆಟ್‌ಗೆ ಹಾಕಿ ನೋಡಿ.

ಇಷ್ಟಾದರೂ ನಿಲ್ಲದಿದ್ದರೆ ಬಯೋಸ್‌ನಲ್ಲಿ (ಪಿಸಿ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ಸ್) ಎಕ್ಸ್‌ಎಂಪಿ, ಅಂದರೆ ರ್‍ಯಾಮ್ ವೇಗ ಹೆಚ್ಚಿಸುವ ಆಯ್ಕೆ, ಆಫ್ ಮಾಡಿ, ಕಾರ್ಡ್‌ನ ಬಿಸಿ ಎಷ್ಟಾಗುತ್ತಿದೆ ಗಮನಿಸಿ. ಕೊನೆಗೆ ಒಳ್ಳೆಯ ಎಸ್‌ಎಂಪಿಎಸ್ ಇರುವ ಬೇರೆಯವರ ಪಿಸಿಗೆ ಕಾರ್ಡ್ ಹಾಕಿ ನೋಡಿ. ಅಲ್ಲೂ ಹೀಗೇ ಆದರೆ ಬಿಲ್ ತೆಗೆದುಕೊಂಡು ವಾರಂಟಿಗೆ ಹೋಗಿ.