ಇಳಿಮುಖದಲ್ಲಿರುವ ಇಂಟರ್ನೆಟ್ ಕಂಪನಿಯಿಂದ ಆಫರ್ ಬಂದಿದೆ. ಒಳಗೆ ಕೆಲಸ ಹೇಗಿರುತ್ತದೆ? ಸೇರಬಹುದಾ?

ನೀವು ಹೇಳಿದಂಥ ಕಂಪನಿಯಲ್ಲೇ ನಾನು ಹಲವು ವರ್ಷ ಬ್ಯಾಕೆಂಡ್ ಇಂಜಿನಿಯರ್ ಆಗಿದ್ದೆ, ಅಂದರೆ ಬಳಕೆದಾರರಿಗೆ ಕಾಣದ ಸರ್ವರ್ ಕಡೆಯ ಕೆಲಸ. ಹೆಸರು ಬೇಡ. ಒಂದು ಕಾಲಕ್ಕೆ ಇಂಟರ್ನೆಟ್ ಬಳಸುವವರಿಗೆಲ್ಲ ಗೊತ್ತಿದ್ದ ಹೆಸರು, ಅಷ್ಟು ಸಾಕು. ನಾನು ಸೇರುವ ಹೊತ್ತಿಗೆ ಅದರ ಇಳಿಗಾಲ ಶುರುವಾಗಿತ್ತು.

ಆದರೆ ಒಳಗೆ ಕೂತವರಿಗೆ ಹಾಗೆ ಅನ್ನಿಸುತ್ತಲೇ ಇರಲಿಲ್ಲ. ಹೊರಗೆ ಸುದ್ದಿಯಲ್ಲಿ 'ಇವರ ಕಥೆ ಮುಗಿಯಿತು' ಅಂತ ಬರುತ್ತಿತ್ತು. ಒಳಗೆ ನೋಡಿದರೆ ಕೋಟಿಗಟ್ಟಲೆ ಜನ ಇನ್ನೂ ಲಾಗಿನ್ ಆಗುತ್ತಿದ್ದರು. ಸರ್ವರುಗಳಿಗೆ ಬಿಡುವಿರಲಿಲ್ಲ. ದುಡ್ಡೂ ಬರುತ್ತಿತ್ತು. ಇಂಥ ಕಂಪನಿಯಲ್ಲಿ ಜನ ಮೊದಲು ಹೋಗುತ್ತಾರೆ, ದುಡ್ಡು ಆಮೇಲೆ ಹೋಗುತ್ತದೆ. ನಡುವೆ ಎಷ್ಟೋ ವರ್ಷ ಕಳೆಯಬಹುದು. ನನ್ನ ನೌಕರಿ ಪೂರ್ತಿ ಆ ನಡುವಿನ ವರ್ಷಗಳಲ್ಲೇ ನಡೆಯಿತು.

ಸುಳಿವು ಇದ್ದದ್ದು ಬೇರೆ ಗ್ರಾಫಿನಲ್ಲಿ. ದಿನಕ್ಕೆ ಎಷ್ಟು ಜನ ಬಂದರು ಅನ್ನುವ ಗೆರೆ ಸಪಾಟಾಗಿತ್ತು. ಅವರಲ್ಲಿ ಇತ್ತೀಚೆಗೆ ಖಾತೆ ತೆರೆದವರು ಎಷ್ಟು ಅಂತ ಬಿಡಿಸಿ ನೋಡಿದರೆ ಎದೆ ಧಸಕ್ ಎನ್ನುತ್ತಿತ್ತು. ಬರುತ್ತಿದ್ದವರೆಲ್ಲ ಹಳಬರು, ಅಭ್ಯಾಸಬಲದಿಂದ ಬರುವವರು. ಹೊಸ ಖಾತೆಗಳಲ್ಲಿ ಸ್ಪ್ಯಾಮ್ ಕಳಿಸುವವರದ್ದೇ ದೊಡ್ಡ ಪಾಲು. ಈ ಗ್ರಾಫ್ ಗುಟ್ಟೇನೂ ಆಗಿರಲಿಲ್ಲ. ಯಾರು ಬೇಕಾದರೂ ತೆಗೆದು ನೋಡಬಹುದಿತ್ತು. ಮೀಟಿಂಗಿನಲ್ಲಿ ಮಾತ್ರ ಯಾವಾಗಲೂ ಮೊದಲನೆಯದನ್ನೇ ತೋರಿಸುತ್ತಿದ್ದರು.

ಹಾಗಂತ ಅಲ್ಲಿದ್ದವರು ದಡ್ಡರಲ್ಲ. ತಪ್ಪು ನಿರ್ಧಾರ ಹೇಗೆ ಆಗುತ್ತಿತ್ತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೂರು ತಿಂಗಳಿಗೊಮ್ಮೆ ಇಷ್ಟು ಆದಾಯ ಬರಬೇಕು ಅಂತ ಗುರಿ ಇರುತ್ತದೆ. ಬರುವವರು ಹೆಚ್ಚಾಗದಿದ್ದರೆ, ಬಂದವರಿಗೇ ಜಾಸ್ತಿ ಜಾಹೀರಾತು ತೋರಿಸಬೇಕು. ಅದನ್ನೂ ಸುಮ್ನೆ ಮಾಡುವುದಿಲ್ಲ, ಎ/ಬಿ ಟೆಸ್ಟ್ ಮಾಡುತ್ತಾರೆ. ಅರ್ಧ ಜನಕ್ಕೆ ಹಳೆಯ ಪುಟ, ಅರ್ಧ ಜನಕ್ಕೆ ಇನ್ನೊಂದು ಜಾಹೀರಾತು ಸೇರಿಸಿದ ಪುಟ. ಎರಡು ವಾರ ನೋಡುತ್ತಾರೆ. ಆದಾಯ ಏರಿರುತ್ತದೆ, ಜನ ಕಮ್ಮಿಯಾಗಿರುವುದಿಲ್ಲ. ಟೆಸ್ಟ್ ಪಾಸ್. ಆದರೆ ಬೇಸತ್ತವನು ಎರಡು ವಾರದಲ್ಲಿ ಬಿಟ್ಟು ಹೋಗುವುದಿಲ್ಲ ಅಲ್ವಾ? ಆರು ತಿಂಗಳಾದ ಮೇಲೆ ಒಂದು ದಿನ ಬರುವುದನ್ನು ನಿಲ್ಲಿಸುತ್ತಾನೆ. ಅಷ್ಟರಲ್ಲಿ ಇಂಥ ಹತ್ತಾರು ಬದಲಾವಣೆ ಆಗಿರುತ್ತವೆ. ಅವನು ಹೋದದ್ದು ಯಾವುದರಿಂದ ಅಂತ ಯಾವ ಲೆಕ್ಕದಲ್ಲೂ ಸಿಗುವುದಿಲ್ಲ. ಪುಟ ಬೇಗ ತೆರೆಯಲಿ ಅಂತ ನಾವು ಬ್ಯಾಕೆಂಡಿನಲ್ಲಿ ಒದ್ದಾಡಿ ಉಳಿಸಿದ ಮಿಲಿಸೆಕೆಂಡುಗಳನ್ನು ಹೊಸದೊಂದು ಜಾಹೀರಾತು ಸ್ಕ್ರಿಪ್ಟ್ ಒಂದೇ ಗುಕ್ಕಿಗೆ ನುಂಗುತ್ತಿತ್ತು.

ಇದು ನಾನಿದ್ದ ಕಡೆಯ ಕಥೆ ಮಾತ್ರ ಅಲ್ಲ. ಒಂದು ಕಾಲದ ದೊಡ್ಡ ಸೋಶಿಯಲ್ ನೆಟ್‌ವರ್ಕ್ ಮೈಸ್ಪೇಸನ್ನು ಮಾಧ್ಯಮ ಕಂಪನಿ ನ್ಯೂಸ್ ಕಾರ್ಪೊರೇಷನ್ 2005ರಲ್ಲಿ 58 ಕೋಟಿ ಡಾಲರಿಗೆ ಕೊಂಡಿತು. ಮರುವರ್ಷ ಗೂಗಲ್ ಜೊತೆ ಜಾಹೀರಾತು ಒಪ್ಪಂದವಾಯಿತು. ಕನಿಷ್ಠ 90 ಕೋಟಿ ಡಾಲರ್ ಸಿಗುತ್ತದೆ, ಆದರೆ ಇಂತಿಷ್ಟು ಟ್ರಾಫಿಕ್, ಅಂದರೆ ಜನ ಬಂದು ಪುಟ ತೆರೆದ ಲೆಕ್ಕ, ತೋರಿಸಲೇಬೇಕು. ಅಂಥ ಷರತ್ತಿಗೆ ಒಪ್ಪಿದ ಮೇಲೆ, ಪುಟ ಚೊಕ್ಕ ಮಾಡೋಣ, ನಾಲ್ಕು ಕ್ಲಿಕ್ಕಿನ ಕೆಲಸ ಒಂದರಲ್ಲೇ ಮುಗಿಸೋಣ ಅಂತ ಇಂಜಿನಿಯರ್ ಹೇಳಿದರೆ ಕೇಳುವವರು ಯಾರು? 2011ರಲ್ಲಿ ಅದನ್ನು ಸುಮಾರು 3.5 ಕೋಟಿ ಡಾಲರಿಗೆ ಮಾರಿದರು.

ಇನ್ನು ತಂತ್ರಜ್ಞಾನದ ಮಾತು. ಇಂಥ ಕಡೆ ಕೆಲಸದ ಮಟ್ಟ ಕೆಳಗಿರುತ್ತದೆ ಅಂತ ಅಂದುಕೊಳ್ಳಬೇಡಿ. ಭಾರಿ ಡೇಟಾವನ್ನು ನೂರಾರು ಕಂಪ್ಯೂಟರುಗಳಿಗೆ ಹಂಚಿ ಸಂಸ್ಕರಿಸುವ ಹಡೂಪ್ ಸಾಫ್ಟ್‌ವೇರ್ ಬೆಳೆದದ್ದು 2006ರಿಂದ ಈಚೆಗೆ, ಯಾಹೂ ಒಳಗೆ. ಅದೇ ಯಾಹೂ 2009ರಲ್ಲಿ ತನ್ನ ಸರ್ಚ್ ಕೆಲಸವನ್ನು ಮೈಕ್ರೋಸಾಫ್ಟಿಗೆ ಒಪ್ಪಿಸುವ ಒಪ್ಪಂದ ಮಾಡಿಕೊಂಡಿತು. ಎರಡೂ ಒಂದೇ ಕಟ್ಟಡಗಳಲ್ಲಿ ನಡೆದದ್ದು. ನನಗೂ ಕೋಡ್ ವಿಷಯದಲ್ಲಿ ಅಷ್ಟು ಒಳ್ಳೆಯ ಸಹೋದ್ಯೋಗಿಗಳು ಆಮೇಲೆ ಸಿಗಲಿಲ್ಲ.

ಕಷ್ಟ ಇದ್ದದ್ದು ಅವರು ಒಬ್ಬೊಬ್ಬರಾಗಿ ಹೋದ ಮೇಲೆ. ಹೋದವರ ಜಾಗಕ್ಕೆ ಜನ ತಗೊಳ್ಳುವುದಿಲ್ಲ. ಅವರ ಸರ್ವಿಸುಗಳೆಲ್ಲ ಉಳಿದವರ ತಲೆ ಮೇಲೆ ಬರುತ್ತವೆ. ರಾತ್ರಿ ಪೇಜರ್ ಅಲರ್ಟ್ ಬರುತ್ತದೆ, ಕೆಟ್ಟಿರುವುದು ನೀವು ಹೆಸರೂ ಕೇಳಿರದ ಪರ್ಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಒಂದು ಸ್ಕ್ರಿಪ್ಟ್. ವಿಕಿ ಪುಟದಲ್ಲಿ 'ಹೆಚ್ಚಿನ ವಿವರಕ್ಕೆ ಇವರನ್ನು ಕೇಳಿ' ಅಂತ ಇರುತ್ತದೆ, ಅವರು ಬಿಟ್ಟು ಹೋಗಿ ವರ್ಷಗಳಾಗಿರುತ್ತವೆ. ಕಮಿಟ್ ಹಿಸ್ಟರಿ, ಅಂದರೆ ಕೋಡಿನಲ್ಲಿ ಯಾರು ಯಾವಾಗ ಏನು ಬದಲಿಸಿದರು ಅನ್ನುವ ದಾಖಲೆ, ಓದುತ್ತಾ ಕೂರಬೇಕು. ನಾನು ಬೇರೆಯವರ ಕೋಡ್ ಓದಲು ಕಲಿತದ್ದು ಹಾಗೆ. ಅದರ ಜೊತೆಗೆ ರೀಆರ್ಗ್, ಅಂದರೆ ತಂಡಗಳನ್ನು ಮತ್ತೆ ಮತ್ತೆ ಅದಲುಬದಲು ಮಾಡುವುದು. ಹೊಸ ಮೇಲಧಿಕಾರಿ ಬಂದಾಗೆಲ್ಲ ಅದೇ ಪ್ರಾಜೆಕ್ಟಿಗೆ ಹೊಸ ಹೆಸರು. ಇದರ ಬಗ್ಗೆ ಜಾಸ್ತಿ ಹೇಳುವಂಥದ್ದೇನಿಲ್ಲ, ಎಲ್ಲ ಕಡೆಯೂ ಅಷ್ಟೇ.

ನನಗೆ ಹಿಡಿಸಿದ ಕೆಲಸ ಅಂದರೆ ಪ್ರಾಡಕ್ಟ್ ಮುಚ್ಚುವುದು. ನಗಬೇಡಿ, ಕಟ್ಟುವುದಕ್ಕಿಂತ ಕಷ್ಟ ಅದು. ಮೊದಲು ಹೊಸ ಖಾತೆ ನಿಲ್ಲಿಸಬೇಕು. ಆಮೇಲೆ ಓದಬಹುದು, ಬರೆಯುವಂತಿಲ್ಲ ಅನ್ನುವ ಸ್ಥಿತಿಗೆ ತರಬೇಕು. ಜನ ತಮ್ಮ ಡೇಟಾ ಇಳಿಸಿಕೊಳ್ಳಲು ಟೂಲ್ ಬರೆಯಬೇಕು. ಕಂಪನಿಯೊಳಗೇ ಅದನ್ನು ನಂಬಿಕೊಂಡಿರುವ ಸರ್ವಿಸುಗಳು ಯಾವುವು ಅಂತ ಯಾರಿಗೂ ಪೂರ್ತಿ ಗೊತ್ತಿರುವುದಿಲ್ಲ. ಹಾಗಾಗಿ ಬೇಕಂತಲೇ ಸ್ವಲ್ಪ ಹೊತ್ತು ಆಫ್ ಮಾಡಿ ಕಾಯುತ್ತಿದ್ದೆವು. ಯಾರು ಕಿರುಚಿಕೊಂಡು ಬರುತ್ತಾರೋ ಅವರ ಹೆಸರು ಪಟ್ಟಿಗೆ. ಇನ್ನೊಂದು ಕಡೆ ಬಳಕೆದಾರರ ಮೇಲ್. ಪಾಸ್‌ವರ್ಡ್ ಮರೆತಿದೆ, ತೀರಿಕೊಂಡ ಅಪ್ಪನ ಫೋಟೋ ಅದರಲ್ಲಿವೆ, ದಯವಿಟ್ಟು ತೆಗೆದುಕೊಡಿ ಅಂತ. ಗುರುತು ಸಾಬೀತಾಗದೆ ಕೊಡುವಂತಿರಲಿಲ್ಲ. ಜನ ಪುಕ್ಕಟೆ ವೆಬ್‌ಪುಟ ಮಾಡಿಕೊಳ್ಳುತ್ತಿದ್ದ ಯಾಹೂವಿನ ಜಿಯೋಸಿಟೀಸ್ 2009ರಲ್ಲಿ ಮುಚ್ಚಿದಾಗ ಆರ್ಕೈವ್ ಟೀಮ್ ಅನ್ನುವ ಸ್ವಯಂಸೇವಕರ ಗುಂಪು ಕೈಲಾದಷ್ಟು ಪುಟಗಳನ್ನು ಇಳಿಸಿ ಉಳಿಸಿತು. ಅಂಥವರ ಬಾಟ್‌ಗಳು ನಮ್ಮ ಸರ್ವರಿಗೂ ಬಂದರೆ ತಡೆಯಬಾರದು ಅಂತ ನನ್ನ ವಾದವಾಗಿತ್ತು. ಈಗಲೂ ಅದೇ.

ಸೇರಬಹುದಾ ಅಂದರೆ, ನನ್ನ ಪ್ರಕಾರ ಸೇರಬಹುದು, ಆದರೆ ಸಂಬಳದ ಭಾಗವಾಗಿ ಕೊಡುವ ಷೇರು ನಂಬಿಕೊಂಡು ಅಲ್ಲ. ಷೇರಿನ ಬೆಲೆ ಏರುತ್ತಿದೆ ಅಂದ ಮಾತ್ರಕ್ಕೆ ಕಂಪನಿ ಚೇತರಿಸಿಕೊಂಡಿದೆ ಅಂತ ಅಲ್ಲ. ಯಾಹೂ 2005ರಲ್ಲಿ 100 ಕೋಟಿ ಡಾಲರ್ ಹಾಕಿ ಚೀನಾದ ಆನ್‌ಲೈನ್ ವ್ಯಾಪಾರದ ಕಂಪನಿ ಅಲಿಬಾಬಾದಲ್ಲಿ ಸುಮಾರು ಶೇಕಡಾ 40 ಪಾಲು ಪಡೆದಿತ್ತು. ಕೊನೆಯ ವರ್ಷಗಳಲ್ಲಿ ಯಾಹೂ ಷೇರಿಗೆ ಇದ್ದ ಬೆಲೆಯಲ್ಲಿ ಬಹುಪಾಲು ಅಂಥ ಹೂಡಿಕೆಗಳದ್ದೇ. ಮೈಕ್ರೋಸಾಫ್ಟ್ 2008ರಲ್ಲಿ 4,460 ಕೋಟಿ ಡಾಲರಿಗೆ ಕೇಳಿದ್ದ ಇದೇ ಯಾಹೂವಿನ ಇಂಟರ್ನೆಟ್ ವ್ಯವಹಾರವನ್ನು ಅಮೆರಿಕದ ಫೋನ್ ಕಂಪನಿ ವೆರೈಝನ್ 2017ರಲ್ಲಿ ಸುಮಾರು 448 ಕೋಟಿ ಡಾಲರಿಗೆ ಕೊಂಡಿತು. ಸಂಬಳದ ನಗದು ಭಾಗದಲ್ಲೇ ನಿಮ್ಮ ಲೆಕ್ಕ ಸರಿಹೋದರೆ ಮಾತ್ರ ಹೂಂ ಅನ್ನಿ.

ಇಂಟರ್ವ್ಯೂನಲ್ಲಿ ನೀವೂ ಕೇಳಿ. ಈ ತಂಡಕ್ಕೆ ಈಗಿನ ಮ್ಯಾನೇಜರ್ ಬಂದು ಎಷ್ಟು ದಿನವಾಯಿತು? ಆನ್‌ಕಾಲ್ ಪಾಳಿಯಲ್ಲಿ, ಅಂದರೆ ಹೊತ್ತಲ್ಲದ ಹೊತ್ತಿನಲ್ಲಿ ಅಲರ್ಟ್ ಬಂದರೆ ನೋಡುವ ಸರದಿಯಲ್ಲಿ, ಎಷ್ಟು ಜನ ಇದ್ದಾರೆ? ಹಿಂದಿನ ವರ್ಷ ಹೋದವರ ಜಾಗ ತುಂಬಿದ್ದಾರಾ? ತಂಡದ ಪ್ರಾಡಕ್ಟಿನಿಂದ ದುಡ್ಡು ಬರುತ್ತದಾ, ಅಥವಾ ಮುಂದೆ ಬರುತ್ತದೆ ಅನ್ನುತ್ತಾರಾ? ಉತ್ತರಕ್ಕೆ ತಡಬಡಾಯಿಸಿದರೆ ನಿಮಗೇ ಗೊತ್ತಾಗುತ್ತದೆ. ಜಾಯಿನಿಂಗ್ ಬೋನಸ್ ಕೊಡುತ್ತಿದ್ದರೆ, ಕಂಪನಿಯೇ ಕೆಲಸದಿಂದ ತೆಗೆದರೂ ಅದನ್ನು ವಾಪಸ್ ಕೊಡಬೇಕಾ ಅಂತ ಸಹಿ ಹಾಕುವ ಮೊದಲು ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ.