ಹಳ್ಳದ ನೀರು, ಎತ್ತರದ ಕಾಡು

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ನಿವೃತ್ತ ಶಿಕ್ಷಕಿ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುವ ಮಗ ಮತ್ತು ಸೊಸೆ ಜುಲೈನಲ್ಲಿ ನಮ್ಮಿಬ್ಬರನ್ನು ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ‘ಯೊಸೆಮಿಟಿ ಕ್ರೀಕ್’ ಶಿಬಿರತಾಣಕ್ಕೆ ಎರಡು ರಾತ್ರಿಗಳ ಮಟ್ಟಿಗೆ ಕರೆದೊಯ್ಯಲಿದ್ದಾರೆ. ಅಲ್ಲಿ ನಲ್ಲಿ ನೀರಿಲ್ಲವಂತೆ. ಹಳ್ಳದ ನೀರು ಕುಡಿದೇ ಬೆಳೆದ ನನಗೆ ಅದೇನೂ ದೊಡ್ಡದಲ್ಲ. ಹಳ್ಳದ ಪಕ್ಕದಲ್ಲೇ ಮಲಗಬೇಕೆಂಬ ಆಸೆಯೂ ಇದೆ. ಅರವತ್ತೆಂಟು ವರ್ಷದ ಯಜಮಾನರಿಗೆ ಮಾತ್ರ ಅಳುಕು. ಯಾವ ಎಚ್ಚರಿಕೆ ಬೇಕು?

ಉತ್ತರ: ನಿಮ್ಮ ಆಸೆ ಚೆನ್ನಾಗಿದೆ, ನಿಮ್ಮ ಯಜಮಾನರ ಅಳುಕಿಗೂ ಕಾರಣವಿದೆ. ಹರಿಯುವ ನೀರಿಗೆ ದೋಷವಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆದರೆ ಹಿಮ ಕರಗಿ ಬರುವ ಆ ತಿಳಿನೀರಿನಲ್ಲೂ ಪ್ರಾಣಿಗಳ ಮತ್ತು ಮನುಷ್ಯರ ಮಲದಿಂದ ಸೇರುವ ಜಿಯಾರ್ಡಿಯಾ ಎಂಬ ಸೂಕ್ಷ್ಮ ಪರೋಪಜೀವಿ ಇರಬಹುದು. ಅದರಿಂದ ಬರುವ ಭೇದಿ ಸಾಮಾನ್ಯವಾಗಿ ಒಂದೆರಡು ವಾರಗಳ ನಂತರ ಕಾಣಿಸಿಕೊಳ್ಳುವುದರಿಂದ, ಕುಡಿದ ದಿನ ಏನೂ ಆಗಲಿಲ್ಲವೆಂದು ನಂಬಿಬಿಡುವುದು ಸರಿಯಲ್ಲ. ಆ ತಾಣ ಸುಮಾರು 7,660 ಅಡಿ ಎತ್ತರದಲ್ಲಿದೆ. 6,500 ಅಡಿಗಿಂತ ಮೇಲೆ ನೀರು ಕೊತಕೊತನೆ ಕುದಿಯಲು ತೊಡಗಿದ ಮೇಲೆ ಪೂರ್ತಿ ಮೂರು ನಿಮಿಷ ಕುದಿಸಬೇಕು, ಏಕೆಂದರೆ ಗಾಳಿಯ ಒತ್ತಡ ಕಡಿಮೆಯಿರುವ ಅಲ್ಲಿ ನೀರು ಸುಮಾರು 92 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ನನ್ನ ಸಲಹೆಯೆಂದರೆ, ನಿಮ್ಮಿಬ್ಬರಿಗೂ ಕುಡಿಯುವುದಕ್ಕೆ ಬೇಕಾದಷ್ಟು ನೀರನ್ನು ಕಾರಿನಲ್ಲೇ ಒಯ್ದು, ಹಳ್ಳದ ನೀರನ್ನು ಕುದಿಸಿ ಅಡುಗೆಗೆ ಬಳಸಿ.

ನೀರು ಕಡಿಮೆ ಬಿಸಿಯಲ್ಲೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯುವುದು ಅಲ್ಲಿ ಬಹಳ ತಡ. ಸಣ್ಣ ಕುಕ್ಕರ್ ಇದ್ದರೆ ಒಯ್ಯಿರಿ, ಇಲ್ಲವಾದರೆ ಅವಲಕ್ಕಿ, ಉಪ್ಪಿಟ್ಟು, ಚಟ್ನಿಪುಡಿಗಳಲ್ಲೇ ಎರಡು ದಿನ ನೆಮ್ಮದಿಯಾಗಿ ಕಳೆಯಬಹುದು.

ಚಟ್ನಿಪುಡಿಯ ಮಾತು ಬಂದಿದ್ದರಿಂದ ಇನ್ನೊಂದನ್ನು ಒತ್ತಿ ಹೇಳಬೇಕು. ಅದು ಕಪ್ಪು ಕರಡಿಗಳ ಕಾಡು, ಕರಡಿಯ ಮೂಗು ಬಹಳ ಚುರುಕು. ಊಟದ ಡಬ್ಬಿ, ಹಣ್ಣು, ಕೊಬ್ಬರಿಎಣ್ಣೆ, ಸೋಪು, ಟೂತ್‌ಪೇಸ್ಟ್, ಊದುಬತ್ತಿ, ಹೀಗೆ ವಾಸನೆಯಿರುವ ಪ್ರತಿಯೊಂದನ್ನೂ ಅಲ್ಲಿರುವ ಕಬ್ಬಿಣದ ಪೆಟ್ಟಿಗೆಯೊಳಗಿಟ್ಟು ಅಗುಳಿ ಹಾಕಬೇಕು. ಡೇರೆಯಲ್ಲಿ ತಲೆದೆಸೆಗೆ ಬಿಸ್ಕತ್ತಿನ ಪೊಟ್ಟಣ ಕೂಡ ಇರಬಾರದು. ಮನುಷ್ಯರ ಆಹಾರದ ರುಚಿ ಕಂಡ ಕರಡಿ ಮತ್ತೆ ಮತ್ತೆ ಜನರ ಬಳಿ ಬರುತ್ತದೆ, ಕೊನೆಗೆ ಅದರ ಜೀವಕ್ಕೇ ಸಂಚಕಾರ ಬರಬಹುದು. ಆದ್ದರಿಂದ ಈ ನಿಯಮ ನಿಮ್ಮ ರಕ್ಷಣೆಗೆ ಎಷ್ಟೋ, ಕರಡಿಯ ರಕ್ಷಣೆಗೂ ಅಷ್ಟೇ.

ಮಲಗುವ ಜಾಗದ ವಿಷಯದಲ್ಲಿ, ಡೇರೆಯನ್ನು ನಿಮಗೆ ಗೊತ್ತುಮಾಡಿದ ಸಂಖ್ಯೆಯ ತಾಣದೊಳಗೇ ಹಾಕಬೇಕು. ಆಯ್ಕೆಯಿದ್ದರೆ ನೀರಿನ ಅಂಚಿಗಿಂತ ತುಸು ಮೇಲಿನ, ಒಣಗಿದ ಮರವಾಗಲೀ ತೂಗುವ ಕೊಂಬೆಯಾಗಲೀ ಇಲ್ಲದ ಜಾಗವನ್ನೇ ಹಿಡಿಯಿರಿ. ರಾತ್ರಿ ತಂಪು ಗಾಳಿ ಇಳಿದು ಹಳ್ಳದ ತಗ್ಗಿನಲ್ಲೇ ನಿಲ್ಲುವುದರಿಂದ ನೀರಿನ ಬದಿಯಲ್ಲಿ ಚಳಿ, ತೇವ, ಸೊಳ್ಳೆ ಮೂರೂ ಹೆಚ್ಚು. ಹಳ್ಳದ ಸದ್ದಾದರೋ ತುಸು ದೂರಕ್ಕೂ ಕೇಳಿಸುತ್ತದೆ. ಜುಲೈನಲ್ಲೂ ನಸುಕಿನಲ್ಲಿ ತಾಪಮಾನ 10 ಡಿಗ್ರಿಗಿಂತ ಕೆಳಗಿಳಿಯಬಹುದಾದ್ದರಿಂದ ಉಣ್ಣೆಯ ಟೊಪ್ಪಿ, ಕಾಲುಚೀಲ ಮತ್ತು ನೆಲದ ಥಂಡಿ ತಡೆಯುವ ದಪ್ಪ ಹಾಸು ಬೇಕೇ ಬೇಕು.

ಪಾತ್ರೆ ತೊಳೆಯುವುದು, ಸ್ನಾನ ಮಾಡುವುದು ಹಳ್ಳದೊಳಗೆ ಬೇಡ. ನೀರನ್ನು ತುಂಬಿಕೊಂಡು ಅರವತ್ತು ಮೀಟರ್‌ನಷ್ಟು ದೂರ ಹೋಗಿ ತೊಳೆಯಿರಿ, ಅಲ್ಲಿಯೂ ಸೋಪು ಹಿತಮಿತವಾಗಿರಲಿ. ನೀವು ಪಕ್ಕದಲ್ಲಿ ಕೂತು ನೋಡುವ ಅದೇ ನೀರು ಕೆಳಗೆ ಕಣಿವೆಯಲ್ಲಿ 2,425 ಅಡಿ ಎತ್ತರದ ಯೊಸೆಮಿಟಿ ಜಲಪಾತವಾಗಿ ಬೀಳುತ್ತದೆ. ಅದನ್ನು ಕೆಳಗಿನಿಂದ ನೋಡಿದ ಮೇಲೆ ಇಲ್ಲಿಗೆ ಬಂದರೆ ಹಳ್ಳದ ಬೆಲೆ ಇನ್ನೂ ತಿಳಿಯುತ್ತದೆ.

ನಿಮ್ಮ ಯಜಮಾನರಿಗೆ ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇದ್ದರೆ ಹೊರಡುವ ಮೊದಲು ವೈದ್ಯರನ್ನು ಕೇಳಲಿ. ಸಮುದ್ರಮಟ್ಟಕ್ಕೆ ಹತ್ತಿರವಿರುವ ಸ್ಯಾನ್ ಹೋಸೆಯಿಂದ ಒಂದೇ ದಿನದಲ್ಲಿ ಇಷ್ಟು ಎತ್ತರ ಏರುವುದರಿಂದ ಮೊದಲ ದಿನ ನಡಿಗೆ ಬೇಡ, ನೀರನ್ನು ಹೆಚ್ಚಾಗಿ ಕುಡಿಯಲಿ. ತಲೆನೋವು, ವಾಂತಿ ಬಂದು ಕಡಿಮೆಯಾಗದಿದ್ದರೆ ಕೆಳಗಿಳಿಯುವುದೇ ಮದ್ದು.

ತಾಣ ಮತ್ತು ಅಲ್ಲಿಗೆ ಹೋಗುವ ಟಯೋಗಾ ಎಂಬ ಬೆಟ್ಟದ ರಸ್ತೆ ಆ ವರ್ಷ ತೆರೆದಿವೆಯೇ ಎಂಬುದನ್ನು ಮಗ ಮೊದಲೇ ಖಚಿತಪಡಿಸಿಕೊಳ್ಳಲಿ. ಬೇಸಿಗೆ ಮುಗಿಯುವ ಹೊತ್ತಿಗೆ ಹಳ್ಳ ತೀರ ಸೊರಗುವುದರಿಂದ ನಿಮಗೆ ಬೇಕಾದ ಆ ಸದ್ದಿಗಾಗಿ ಜುಲೈ ಮೊದಲ ವಾರವನ್ನೇ ಆರಿಸಿಕೊಳ್ಳಿ. ಸೊಳ್ಳೆಯ ಕಾಟಕ್ಕೆ ತುಂಬುತೋಳಿನ ಅಂಗಿ ಇರಲಿ.