ಇನ್‌ಫರೆನ್ಸ್ ಪ್ರಶ್ನೆ: ಕೊನೆಗೆ ಉಳಿಯುವ ಎರಡು ಆಯ್ಕೆಗಳಲ್ಲಿ ಯಾವುದು ಸರಿ?

ಪ್ರಶ್ನೆ: ಅಮೆರಿಕ, ಕೆನಡಾಗಳ ಕಾನೂನು ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಎಲ್‌ಸ್ಯಾಟ್‌ಗೆ ಓದುತ್ತಿದ್ದೇನೆ. ಲಾಜಿಕಲ್ ರೀಸನಿಂಗ್ ಎಂಬ ತರ್ಕದ ವಿಭಾಗದಲ್ಲಿ ‘ಮೇಲಿನ ಹೇಳಿಕೆಗಳು ನಿಜವಾದರೆ, ಇವುಗಳಲ್ಲಿ ಯಾವುದು ನಿಜವಾಗಿರಲೇಬೇಕು?’ ಎಂಬಂಥ ಇನ್‌ಫರೆನ್ಸ್ (ಕೊಟ್ಟದ್ದರಿಂದ ತೀರ್ಮಾನಕ್ಕೆ ಬರುವ) ಪ್ರಶ್ನೆಗಳಲ್ಲಿ ಮೂರು ಆಯ್ಕೆಗಳನ್ನು ಸುಲಭವಾಗಿ ತೆಗೆದುಹಾಕುತ್ತೇನೆ. ಉಳಿದ ಎರಡರಲ್ಲಿ ಬಹುತೇಕ ಯಾವಾಗಲೂ ತಪ್ಪನ್ನೇ ಆರಿಸುತ್ತೇನೆ. ಏನು ಮಾಡಲಿ?

ಉತ್ತರ: ನಿಮ್ಮ ತಪ್ಪು ಓದಿನಲ್ಲಿಲ್ಲ, ಆರಿಸುವ ಅಳತೆಗೋಲಿನಲ್ಲಿದೆ. ಎರಡು ಆಯ್ಕೆ ಉಳಿದಾಗ ಹೆಚ್ಚಿನವರು ‘ಯಾವುದು ಪ್ಯಾರಾದ ಆಶಯಕ್ಕೆ ಹತ್ತಿರ?’ ಎಂದು ನೋಡುತ್ತಾರೆ. ಕೇಳಿಕೊಳ್ಳಬೇಕಾದದ್ದು ಬೇರೆ: ಪ್ಯಾರಾದ ಪ್ರತಿ ವಾಕ್ಯವೂ ನಿಜವಾಗಿದ್ದು, ಈ ಆಯ್ಕೆ ಮಾತ್ರ ಸುಳ್ಳಾಗಲು ಸಾಧ್ಯವೇ? ಸಾಧ್ಯವಿದ್ದರೆ ಅದನ್ನು ಬಿಡಿ, ಎಷ್ಟೇ ಸಮಂಜಸವಾಗಿ ಕಂಡರೂ ಸರಿಯೇ.

ಒಂದು ಉದಾಹರಣೆ ನೋಡೋಣ. ‘ಈ ಸಂಸ್ಥೆಯಲ್ಲಿ ಸುರಕ್ಷತಾ ತರಬೇತಿ ಮುಗಿಸಿದವರಿಗೆ ಮಾತ್ರ ಪ್ರಯೋಗಾಲಯದೊಳಗೆ ಪ್ರವೇಶವಿದೆ. ಸಂಶೋಧಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಈ ಪ್ರವೇಶವಿದೆ. ಸಂಶೋಧಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈ ವರ್ಷ ಸೇರಿದವರು.’

ಅ) ತರಬೇತಿ ಮುಗಿಸಿದ ಎಲ್ಲ ಸಂಶೋಧಕರಿಗೂ ಪ್ರವೇಶವಿದೆ.
ಆ) ಈ ವರ್ಷ ಸೇರಿದ ಸಂಶೋಧಕರಲ್ಲಿ ಹೆಚ್ಚಿನವರು ತರಬೇತಿ ಮುಗಿಸಿದ್ದಾರೆ.
ಇ) ತರಬೇತಿಯಿಲ್ಲದವರನ್ನು ಒಳಗೆ ಬಿಟ್ಟರೆ ಅಪಘಾತಗಳು ಹೆಚ್ಚುತ್ತವೆ.
ಈ) ಈ ವರ್ಷ ಸೇರಿದ ಸಂಶೋಧಕರಲ್ಲಿ ಒಬ್ಬರಾದರೂ ತರಬೇತಿ ಮುಗಿಸಿದ್ದಾರೆ.

‘ಇ’ ಬೇಗ ಹೋಗುತ್ತದೆ. ಅಪಘಾತದ ಮಾತೇ ಪ್ಯಾರಾದಲ್ಲಿಲ್ಲ. ‘ಅ’ ನಿಯಮವನ್ನು ತಿರುಗಿಸಿ ಹಾಕಿದೆ. ಪ್ರವೇಶ ಇದ್ದವರೆಲ್ಲ ತರಬೇತಿ ಪಡೆದವರು ಎಂದ ಮಾತ್ರಕ್ಕೆ ತರಬೇತಿ ಪಡೆದವರಿಗೆಲ್ಲ ಪ್ರವೇಶ ಸಿಕ್ಕಿದೆ ಎಂದಾಗುವುದಿಲ್ಲ. ಉಳಿಯುವುದು ‘ಆ’ ಮತ್ತು ‘ಈ’. ನೀವು ಎಡವುತ್ತಿರುವುದು ಇಂಥಲ್ಲೇ.

ಇಲ್ಲಿ ಯೋಚಿಸುತ್ತ ಕೂರಬೇಡಿ, ಅಂಕಿ ಹಾಕಿ. ಸಂಶೋಧಕರು 10 ಮಂದಿ ಎಂದಿಟ್ಟುಕೊಳ್ಳಿ. ಪ್ರವೇಶ ಇರುವವರು 6, ಈ ವರ್ಷ ಸೇರಿದವರು 6. ಎರಡೂ ಗುಂಪುಗಳನ್ನು ಎಷ್ಟು ದೂರ ಎಳೆದರೂ ಇಬ್ಬರಾದರೂ ಎರಡರಲ್ಲೂ ಇರಲೇಬೇಕು, ಏಕೆಂದರೆ 6 ಮತ್ತು 6 ಸೇರಿದರೆ 12, ಇರುವವರು ಹತ್ತೇ. ಆ ಇಬ್ಬರಿಗೆ ಪ್ರವೇಶವಿದೆ, ಹಾಗಾಗಿ ತರಬೇತಿಯೂ ಆಗಿದೆ. ‘ಈ’ ಗಟ್ಟಿಯಾಗಿ ನಿಂತಿತು. ಹೊಸಬರಲ್ಲಿ ಉಳಿದ ನಾಲ್ವರಿಗೆ ತರಬೇತಿಯೇ ಆಗಿಲ್ಲ ಎಂದರೂ ಪ್ಯಾರಾದ ಯಾವ ವಾಕ್ಯವೂ ಸುಳ್ಳಾಗುವುದಿಲ್ಲ. ಆಗ 6ರಲ್ಲಿ 2 ಮಾತ್ರ, ‘ಹೆಚ್ಚಿನವರು’ ಅಲ್ಲ. ‘ಆ’ ಬಿತ್ತು.

ಒಂದೇ ಗುಂಪಿನ ಬಗ್ಗೆ ‘ಹೆಚ್ಚಿನವರು’ ಎಂಬ ಎರಡು ಹೇಳಿಕೆ ಬಂದರೆ ಅವುಗಳಿಂದ ಸಿಗುವುದು ‘ಒಬ್ಬರಾದರೂ’ ಎಂಬಷ್ಟೇ. ‘ಕೆಲವರು’ ಎಂಬ ಎರಡು ಹೇಳಿಕೆಗಳಿಂದ ಅದೂ ಸಿಗುವುದಿಲ್ಲ. ಇದನ್ನು ಬಾಯಿಪಾಠ ಮಾಡಿಕೊಂಡರೂ ನಷ್ಟವಿಲ್ಲ, ಆದರೆ ಹತ್ತು ಜನರನ್ನು ಹಾಕಿ ನೋಡುವ ಅಭ್ಯಾಸವೇ ಹೆಚ್ಚು ಕೈಹಿಡಿಯುತ್ತದೆ.

ಈ ಬಗೆಯ ಪ್ರಶ್ನೆಯಲ್ಲಿ ಸಪ್ಪೆಯಾಗಿ ಕಾಣುವ ಉತ್ತರವನ್ನು ಅದೇ ಕಾರಣಕ್ಕೆ ತಳ್ಳಿಹಾಕಬೇಡಿ. ‘ಒಬ್ಬರಾದರೂ’, ‘ಇರಬಹುದು’, ‘ಎಲ್ಲವೂ ಅಲ್ಲ’ ಎನ್ನುವ ಆಯ್ಕೆಗಳನ್ನು ಸುಳ್ಳು ಮಾಡುವುದು ಕಷ್ಟ. ‘ಎಲ್ಲರೂ’, ‘ಎಂದಿಗೂ’, ‘ಮುಖ್ಯ ಕಾರಣ’ ಎನ್ನುವವು ಸರಿಯಾಗಬೇಕಾದರೆ ಪ್ಯಾರಾದಲ್ಲೂ ಅಷ್ಟೇ ಬಲವಾದ ಮಾತಿರಬೇಕು. ಇದ್ದರೆ ಧೈರ್ಯವಾಗಿ ಆರಿಸಿ. ಬಿರುಸಿನ ಪದವಿದೆ ಎಂಬ ಒಂದೇ ಕಾರಣಕ್ಕೆ ತೆಗೆದುಹಾಕುವುದೂ ತಪ್ಪೇ.

ಶೇಕಡಾವಾರು ಬಂದಲ್ಲಿ ಇನ್ನೊಂದು ಬಲೆ ಇರುತ್ತದೆ. ಒಂದು ವಿಭಾಗದ ಪಾಲು ಶೇ 40ರಿಂದ ಶೇ 30ಕ್ಕೆ ಇಳಿಯಿತು ಎಂದರೆ ಆ ವಿಭಾಗದ ಸಂಖ್ಯೆ ಇಳಿಯಿತು ಎಂದಲ್ಲ. ಒಟ್ಟು 1,000 ಇದ್ದದ್ದು 2,000 ಆಗಿದ್ದರೆ 400 ಇದ್ದದ್ದು 600 ಆಗಿರುತ್ತದೆ. ಒಟ್ಟು ಸಂಖ್ಯೆ ಕೊಟ್ಟಿದ್ದಾರೆಯೇ ಎಂದು ಮೊದಲು ನೋಡಿ.

ಇನ್ನು, ಪ್ರಶ್ನೆಯ ವಾಕ್ಯವನ್ನೇ ಪ್ಯಾರಾಗಿಂತ ಮುಂಚೆ ಓದಿ. ‘ಮೇಲಿನದು ನಿಜವಾದರೆ’ ಎಂದರೆ ಪ್ಯಾರಾವನ್ನು ಒಪ್ಪಿಕೊಂಡು ಆಯ್ಕೆಯನ್ನು ಪರೀಕ್ಷಿಸಬೇಕು. ‘ಕೆಳಗಿನವುಗಳಲ್ಲಿ ಯಾವುದು ನಿಜವಾದರೆ ವಾದ ಬಲಗೊಳ್ಳುತ್ತದೆ’ ಎಂದರೆ ಇದರ ಉಲ್ಟಾ: ಅಲ್ಲಿ ಆಯ್ಕೆಯನ್ನು ಒಪ್ಪಿಕೊಳ್ಳಬೇಕು, ಹೊಸ ವಿಷಯ ಬಂದರೂ ತಪ್ಪಿಲ್ಲ. ಇವೆರಡನ್ನು ಕಲಸಿಕೊಂಡವರು ‘ಇ’ಯಂಥ ಆಯ್ಕೆಯನ್ನು ಇನ್‌ಫರೆನ್ಸ್ ಪ್ರಶ್ನೆಯಲ್ಲೂ ಆರಿಸಿಬಿಡುತ್ತಾರೆ. ‘ಯಾವುದಕ್ಕೆ ಅತಿ ಹೆಚ್ಚು ಬೆಂಬಲವಿದೆ’ ಎಂದು ಕೇಳಿದಾಗ ನೂರಕ್ಕೆ ನೂರು ಖಚಿತತೆ ಬೇಕಿಲ್ಲ. ಆದರೂ ‘ಯಾವ ವಾಕ್ಯದ ಆಧಾರದ ಮೇಲೆ?’ ಎಂದು ಬೆರಳಿಟ್ಟು ತೋರಿಸಲು ಬರಬೇಕು.

ಪ್ರಶ್ನೆ: ಪ್ರತಿ ಪ್ಯಾರಾವನ್ನೂ ಬಾಣದ ಗುರುತಿನಲ್ಲಿ ಬರೆದುಕೊಳ್ಳಬೇಕೇ? ಸಮಯ ಸಾಲುತ್ತಿಲ್ಲ.

ಉತ್ತರ: ಬೇಡ. ‘ಆದರೆ ಮಾತ್ರ’, ‘ಹೊರತು’, ‘ಇಲ್ಲದೆ ಇಲ್ಲ’ ಎಂಬ ಷರತ್ತಿನ ವಾಕ್ಯಗಳು ಎರಡೋ ಮೂರೋ ಕೊಂಡಿಯಂತೆ ಸೇರಿದ್ದರೆ ಮಾತ್ರ ಬರೆಯಿರಿ. ಮೇಲಿನ ನಿಯಮವಾದರೆ ‘ಪ್ರವೇಶ → ತರಬೇತಿ’, ಅಂದರೆ ಪ್ರವೇಶವಿದ್ದರೆ ತರಬೇತಿ ಆಗಿದೆ. ಜೊತೆಗೇ ‘ತರಬೇತಿ ಇಲ್ಲ → ಪ್ರವೇಶ ಇಲ್ಲ’. ಈ ಎರಡೇ ಸಾಲು. ಎರಡನೆಯ ಸಾಲು ಬರೆಯುವಾಗ ಎರಡೂ ಬದಿ ನಿರಾಕರಿಸಿ, ದಿಕ್ಕನ್ನೂ ತಿರುಗಿಸಬೇಕು. ಒಂದನ್ನೇ ಮಾಡಿದರೆ ತಪ್ಪು ತೀರ್ಮಾನ ಬರುತ್ತದೆ.

ಎಲ್‌ಸ್ಯಾಟ್‌ನ ಈ ವಿಭಾಗದಲ್ಲಿ 35 ನಿಮಿಷಕ್ಕೆ ಸುಮಾರು 25 ಪ್ರಶ್ನೆ, ಅಂದರೆ ಒಂದಕ್ಕೆ ಒಂದೂವರೆ ನಿಮಿಷವೂ ಇಲ್ಲ. ಆ ವೇಗ ಮೊದಲ ದಿನವೇ ಬರುವುದಿಲ್ಲ. ಗಡಿಯಾರವಿಲ್ಲದೆ ಪ್ರಶ್ನೆ ಬಿಡಿಸಿ, ಪ್ರತಿ ತಪ್ಪು ಆಯ್ಕೆಯ ಪಕ್ಕ ಅದು ಬಿದ್ದ ಕಾರಣವನ್ನು ಎರಡು ಪದದಲ್ಲಿ ಬರೆಯಿರಿ: ‘ತಿರುಗಿಸಿದೆ’, ‘ಅತಿ ಬಲ’, ‘ಹೊರಗಿನ ಮಾತು’, ‘ಪಾಲು-ಸಂಖ್ಯೆ’. ಯಾವ ಕಾರಣ ಮತ್ತೆ ಮತ್ತೆ ಬರುತ್ತದೋ ಅದನ್ನೇ ಹಿಡಿದು ಅಭ್ಯಾಸ ಮಾಡಿ, ಆಮೇಲೆ ಗಡಿಯಾರ ಇಡಿ. ಪರೀಕ್ಷೆಯಲ್ಲಿ ಒಂದು ಪ್ರಶ್ನೆಗೆ ಎರಡು ನಿಮಿಷ ದಾಟಿದರೆ ಯಾವುದಾದರೊಂದು ಉತ್ತರವನ್ನು ಗುರುತು ಮಾಡಿ ಮುಂದೆ ಹೋಗಿ. ಎಲ್‌ಸ್ಯಾಟ್‌ನಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬೇಡಿ.